ಅಂತರರಾಜ್ಯ ಜಲವಿವಾದಗಳು ಮತ್ತು ಸಂಸತ್ತು

ಎರಡು ಅಥವಾ ಅದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹರಿಯುವ ನದಿಯ ಅಥವಾ ನದಿಕಣಿವೆಯ ನೀರಿನ ಬಳಕೆ, ಹಂಚಿಕೆ ಮತ್ತು ನಿಯಂತ್ರಣದ ಬಗ್ಗೆ ರಾಜ್ಯ ಸರ್ಕಾರಗಳ ನಡುವೆ ಏಳುವ ವ್ಯಾಜ್ಯವನ್ನು ಅಂತರರಾಜ್ಯ ಜಲವಿವಾದ ಎನ್ನುತ್ತಾರೆ. ಭಾರತದಲ್ಲಿ ಇಂಥ ವಿವಾದಗಳ ತೀರ್ಮಾನಕ್ಕೆ ವ್ಯವಸ್ಥೆ ರೂಪಿಸುವ ಅಧಿಕಾರವನ್ನು ಸಂವಿಧಾನದ 262ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಈ ಅಧಿಕಾರದಿಂದ ಸಂಸತ್ತು 1956ರಲ್ಲಿ ಕಾಯ್ದೆ ಮಾಡಿತು, ಹಲವು ಬಾರಿ ತಿದ್ದಿತು. ಆದರೆ ಯಾವ ನದಿಯ ನೀರನ್ನೂ ಅದು ತಾನೇ ಪಾಲು ಮಾಡಿ ಹಂಚಿದ್ದಿಲ್ಲ. ಆ ಹೊಣೆಯನ್ನು ನ್ಯಾಯಮಂಡಳಿಗಳಿಗೆ ವಹಿಸಿದೆ. ಸಂಸತ್ತಿನ ಕೆಲಸ ಇಲ್ಲಿಗೆ ಮುಗಿಯಬೇಕೇ, ಇನ್ನೂ ಮುಂದೆ ಹೋಗಬೇಕೇ ಎಂಬುದು ಭಾರತದ ಒಕ್ಕೂಟ ವ್ಯವಸ್ಥೆಯಲ್ಲಿ ಏಳು ದಶಕಗಳಿಂದ ಉಳಿದುಕೊಂಡಿರುವ ಪ್ರಶ್ನೆ.

ಪರಿಭಾಷೆ

ನ್ಯಾಯಮಂಡಳಿ ಎಂದರೆ 1956ರ ಕಾಯ್ದೆಯಡಿ ಕೇಂದ್ರ ಸರ್ಕಾರ ರಚಿಸುವ, ಅಧ್ಯಕ್ಷರೂ ಇಬ್ಬರು ಸದಸ್ಯರೂ ಇರುವ ಮಂಡಳಿ. ಮೂವರೂ ಸುಪ್ರೀಂ ಕೋರ್ಟಿನ ಅಥವಾ ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಗಳಾಗಿರಬೇಕು. ಅವರನ್ನು ಹೆಸರಿಸುವವರು ಭಾರತದ ಮುಖ್ಯ ನ್ಯಾಯಮೂರ್ತಿ. ಮಂಡಳಿಯ ಅಂತಿಮ ನಿರ್ಣಯವೇ ಐತೀರ್ಪು. ಐತೀರ್ಪನ್ನು ಜಾರಿಗೆ ತರಲು ಕೇಂದ್ರ ರೂಪಿಸುವ ಏರ್ಪಾಡಿಗೆ ಕಾಯ್ದೆಯಲ್ಲಿ ‘ಯೋಜನೆ’ ಎಂಬ ಹೆಸರಿದೆ. ಅಣೆಕಟ್ಟು, ಕಾಲುವೆಗಳ ಯೋಜನೆಗೂ ಇದಕ್ಕೂ ಸಂಬಂಧವಿಲ್ಲ. ಸಂಗ್ರಹವಾದ ನೀರಿನ ಅಳತೆ ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಹರಿವಿನ ಅಳತೆ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನವಿಡೀ 5,000 ಕ್ಯೂಸೆಕ್ ಹರಿದರೆ ಸುಮಾರು 0.43 ಟಿಎಂಸಿ ಅಡಿ ನೀರಾಗುತ್ತದೆ.

ಹಿನ್ನೆಲೆ

ಬ್ರಿಟಿಷರ ಕಾಲದಲ್ಲಿ ನೀರಿನ ವ್ಯಾಜ್ಯಗಳನ್ನು ಬಗೆಹರಿಸುತ್ತಿದ್ದುದು ಆಡಳಿತಗಾರರೇ ಹೊರತು ಶಾಸನಸಭೆಗಳಲ್ಲ. ಇದಕ್ಕೆ ಸ್ಪಷ್ಟ ನಿದರ್ಶನ ಮೈಸೂರು ಮತ್ತು ಮದರಾಸುಗಳ ಕಾವೇರಿ ವ್ಯಾಜ್ಯ. 1892ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ಹೊಸ ಜಲಾಶಯ ಕಟ್ಟುವ ಮುನ್ನ ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಕನ್ನಂಬಾಡಿ ಕಟ್ಟೆಯ ವಿಷಯದಲ್ಲಿ ಆ ಒಪ್ಪಿಗೆ ಸುಲಭವಾಗಿ ಸಿಗದೆ ವ್ಯಾಜ್ಯವು ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಸರ್ ಹೆನ್ರಿ ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಹೋಯಿತು. 1914ರ ಅವರ ತೀರ್ಪನ್ನು ಮದರಾಸು ಒಪ್ಪಲಿಲ್ಲ. ಮತ್ತೆ ಮಾತುಕತೆ ನಡೆದು 1924ರ ಫೆಬ್ರವರಿ 18ರಂದು ಹೊಸ ಒಪ್ಪಂದವಾಯಿತು. ಅದರ ಕೆಲವು ಅಂಶಗಳನ್ನು 50 ವರ್ಷಗಳ ನಂತರ ಮರುಪರಿಶೀಲಿಸಬೇಕೆಂದು ಒಪ್ಪಂದದಲ್ಲೇ ಬರೆಯಲಾಗಿತ್ತು. 1974ರ ನಂತರ ವಿವಾದ ಉಲ್ಬಣಿಸಿದ್ದು ಈ ಕಾರಣಕ್ಕೆ.

1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಮೊದಲ ಬಾರಿಗೆ ನಿಯಮಬದ್ಧ ದಾರಿಯೊಂದು ಕಾಣಿಸಿತು. ನೊಂದ ಪ್ರಾಂತ ಗವರ್ನರ್ ಜನರಲ್‌ಗೆ ದೂರು ಕೊಡಬಹುದು, ಅವರು ತಜ್ಞರ ಆಯೋಗ ನೇಮಿಸಬೇಕು, ನ್ಯಾಯಾಲಯಗಳು ಪ್ರವೇಶಿಸುವಂತಿಲ್ಲ ಎಂಬುದು ಆ ಕಾಯ್ದೆಯ ಸಾರ. ಪಂಜಾಬಿನ ವಿರುದ್ಧ ಸಿಂಧ್ ಪ್ರಾಂತ ಕೊಟ್ಟ ದೂರನ್ನು ಬೆನಗಲ್ ನರಸಿಂಗ ರಾವ್ ಅಧ್ಯಕ್ಷತೆಯ ಆಯೋಗ ವಿಚಾರಿಸಿದ್ದು ಈ ನಿಯಮದಡಿ. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರು ಇವರೇ.

ಸಂವಿಧಾನದ ಮೊದಲ ಕರಡು ಕೂಡ ಆಯೋಗದ ಈ ಮಾದರಿಯನ್ನೇ ಇಟ್ಟುಕೊಂಡಿತ್ತು. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಅದರ ಬದಲಿಗೆ ಹೊಸ ವಿಧಿಯೊಂದನ್ನು ಮಂಡಿಸಿದರು. ವಿವಾದ ತೀರಿಸುವ ಕ್ರಮ ಹೇಗಿರಬೇಕೆಂಬುದನ್ನು ಸಂವಿಧಾನದಲ್ಲೇ ಕಟ್ಟಿಹಾಕದೆ ಮುಂದಿನ ಸಂಸತ್ತುಗಳ ತೀರ್ಮಾನಕ್ಕೆ ಬಿಡುವುದು ಆ ಬದಲಾವಣೆಯ ಉದ್ದೇಶವಾಗಿತ್ತು. ಅದೇ ಇಂದಿನ 262ನೇ ವಿಧಿ.

ಸಾಂವಿಧಾನಿಕ ಚೌಕಟ್ಟು

262ನೇ ವಿಧಿಯಲ್ಲಿ ಎರಡು ಭಾಗಗಳಿವೆ. ಅಂತರರಾಜ್ಯ ನದಿಗಳ ನೀರಿನ ವಿವಾದಗಳ ನ್ಯಾಯನಿರ್ಣಯಕ್ಕೆ ಸಂಸತ್ತು ಕಾನೂನು ಮಾಡಬಹುದು ಎನ್ನುತ್ತದೆ ಮೊದಲ ಭಾಗ. ಇಂಥ ವಿವಾದಗಳಲ್ಲಿ ಸುಪ್ರೀಂ ಕೋರ್ಟೂ ಸೇರಿ ಯಾವ ನ್ಯಾಯಾಲಯಕ್ಕೂ ಅಧಿಕಾರವಿಲ್ಲವೆಂದು ಸಂಸತ್ತು ವಿಧಿಸಬಹುದು ಎನ್ನುತ್ತದೆ ಎರಡನೆಯದು. ರಾಜ್ಯ–ರಾಜ್ಯಗಳ ನಡುವಿನ ಉಳಿದೆಲ್ಲ ವ್ಯಾಜ್ಯಗಳು 131ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತವೆ; ನೀರಿಗೆ ಮಾತ್ರ ಬೇರೆ ದಾರಿ.

ಏಳನೇ ಅನುಸೂಚಿಯಲ್ಲಿ ನೀರಿನ ವಿಷಯ ಎರಡು ಪಟ್ಟಿಗಳಲ್ಲಿ ಬರುತ್ತದೆ. ನೀರು ಸರಬರಾಜು, ನೀರಾವರಿ, ಕಾಲುವೆ, ಜಲಸಂಗ್ರಹ, ಜಲವಿದ್ಯುತ್ತುಗಳು ರಾಜ್ಯ ಪಟ್ಟಿಯ 17ನೇ ನಮೂದಿನಲ್ಲಿವೆ. ಆದರೆ ಆ ನಮೂದು ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟಿದೆ. ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಸಂಸತ್ತು ಕಾನೂನಿನ ಮೂಲಕ ಸಾರಿದಷ್ಟರ ಮಟ್ಟಿಗೆ ಅಂತರರಾಜ್ಯ ನದಿಗಳ ನಿಯಂತ್ರಣವೂ ಅಭಿವೃದ್ಧಿಯೂ ಕೇಂದ್ರದ ಕೈಗೆ ಬರುತ್ತವೆ ಎಂಬುದು 56ನೇ ನಮೂದಿನ ತಾತ್ಪರ್ಯ. ಹೀಗಾಗಿ ನೀರು ರಾಜ್ಯದ ವಿಷಯ ಎಂಬ ರೂಢಿಯ ಮಾತು ಅರ್ಧ ಮಾತ್ರ ಸರಿ. ಅದು ಎಲ್ಲಿಯವರೆಗೆ ರಾಜ್ಯದ ವಿಷಯ ಎಂದು ನಿಗದಿ ಮಾಡುವ ಅಧಿಕಾರ ಸಂಸತ್ತಿಗಿದೆ, ಆ ಅಧಿಕಾರವನ್ನು ಅದು ಬಹಳ ಕಡಿಮೆ ಬಳಸಿದೆ.

1956ರ ಎರಡು ಕಾಯ್ದೆಗಳು

262ನೇ ವಿಧಿಯ ಆಧಾರದ ಮೇಲೆ ಅಂತರರಾಜ್ಯ ನದಿ ಜಲವಿವಾದಗಳ ಕಾಯ್ದೆಯೂ 56ನೇ ನಮೂದಿನ ಆಧಾರದ ಮೇಲೆ ನದಿ ಮಂಡಳಿಗಳ ಕಾಯ್ದೆಯೂ 1956ರಲ್ಲಿ ಬಂದವು. ನದಿಯನ್ನು ಎಲ್ಲ ರಾಜ್ಯಗಳೂ ಕೂಡಿ ನೋಡಿಕೊಳ್ಳಲು ಮಂಡಳಿಗಳಿರಬೇಕು, ಅಷ್ಟಾಗಿಯೂ ಜಗಳ ಬಂದರೆ ನ್ಯಾಯಮಂಡಳಿ ಇರಬೇಕು ಎಂಬುದು ಒಟ್ಟು ಆಶಯ. ನದಿ ಮಂಡಳಿಗಳ ಕಾಯ್ದೆಯಡಿ ಇಂದಿನವರೆಗೆ ಒಂದು ಮಂಡಳಿಯೂ ರಚನೆಯಾಗಿಲ್ಲ. ಮಂಡಳಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದ್ದದ್ದು, ಅದನ್ನು ರಚಿಸಲು ರಾಜ್ಯದ ಕೋರಿಕೆ ಅಗತ್ಯವಾದದ್ದು, ಎರಡೂ ಇದಕ್ಕೆ ಕಾರಣ. ಜಗಳ ಬಾರದಂತೆ ನೋಡಿಕೊಳ್ಳಬೇಕಾದ ಕಾಯ್ದೆ ಕಡತದಲ್ಲೇ ಉಳಿದು, ಬಂದ ಜಗಳವನ್ನು ತೀರಿಸುವ ಕಾಯ್ದೆಯ ಮೇಲೆ ಎಲ್ಲ ಭಾರವೂ ಬಿತ್ತು.

ಜಲವಿವಾದಗಳ ಕಾಯ್ದೆಯಂತೆ ದೂರು ಕೊಡುವ ಹಕ್ಕು ರಾಜ್ಯ ಸರ್ಕಾರಕ್ಕೆ ಮಾತ್ರ. ಮಾತುಕತೆಯಿಂದ ವಿವಾದ ಬಗೆಹರಿಯದೆಂದು ಕೇಂದ್ರಕ್ಕೆ ಅನಿಸಿದರೆ ನ್ಯಾಯಮಂಡಳಿ ರಚನೆಯಾಗುತ್ತದೆ. ಐತೀರ್ಪು ಬಂದ ಮೇಲೆ ಮೂರು ತಿಂಗಳೊಳಗೆ ಕೇಂದ್ರವೋ ರಾಜ್ಯಗಳೋ ವಿವರಣೆ ಕೇಳಬಹುದು. ಬಳಿಕ ಕೇಂದ್ರ ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಪ್ರಕಟವಾಗುವವರೆಗೆ ಐತೀರ್ಪು ರಾಜ್ಯಗಳನ್ನು ಕಟ್ಟುವುದಿಲ್ಲ. ನ್ಯಾಯಾಲಯಗಳ ಅಧಿಕಾರವನ್ನು 11ನೇ ಕಲಂ ತಡೆಯುತ್ತದೆ. ಅಣೆಕಟ್ಟು ತನ್ನ ನೆಲದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಂದು ರಾಜ್ಯ ಇನ್ನೊಂದರ ಮೇಲೆ ನೀರಿನ ತೆರಿಗೆ ಹಾಕುವಂತಿಲ್ಲ ಎನ್ನುತ್ತದೆ 7ನೇ ಕಲಂ.

1980ರ ತಿದ್ದುಪಡಿ 6ಎ ಕಲಮನ್ನು ಸೇರಿಸಿತು. ಐತೀರ್ಪಿನ ಜಾರಿಗೆ ಕೇಂದ್ರ ಯೋಜನೆ ರೂಪಿಸಬಹುದು, ಪ್ರಾಧಿಕಾರ ಸ್ಥಾಪಿಸಬಹುದು. ಆ ಯೋಜನೆಯನ್ನು ಸಂಸತ್ತಿನ ಎರಡೂ ಸದನಗಳ ಮುಂದೆ 30 ದಿನಗಳ ಅವಧಿಗೆ ಇಡಬೇಕು. ಸದನಗಳು ಅದನ್ನು ಬದಲಿಸಬಹುದು, ರದ್ದು ಮಾಡಬಹುದು. ನೀರಿನ ವಿವಾದವೊಂದು ನೇರವಾಗಿ ಸಂಸತ್ ಸದಸ್ಯರ ಮತಕ್ಕೆ ಬರಲು ಕಾಯ್ದೆಯಲ್ಲಿರುವ ಬಾಗಿಲು ಇದೊಂದೇ. ಕೇಂದ್ರ-ರಾಜ್ಯ ಸಂಬಂಧಗಳ ಬಗೆಗಿನ ಸರ್ಕಾರಿಯಾ ಆಯೋಗದ 1988ರ ಶಿಫಾರಸುಗಳನ್ನು ಅನುಸರಿಸಿದ 2002ರ ತಿದ್ದುಪಡಿ ಕಾಲಮಿತಿಗಳನ್ನು ತಂದಿತು. ಅದರಂತೆ ಕೋರಿಕೆ ಬಂದ ಒಂದು ವರ್ಷದೊಳಗೆ ನ್ಯಾಯಮಂಡಳಿ ರಚನೆಯಾಗಬೇಕು. ಐತೀರ್ಪಿಗೆ ಮೂರು ವರ್ಷ, ಬೇಕಾದರೆ ಇನ್ನೆರಡು ವರ್ಷ. ಪ್ರಕಟವಾದ ಐತೀರ್ಪಿಗೆ ಸುಪ್ರೀಂ ಕೋರ್ಟಿನ ಆದೇಶದಷ್ಟೇ ಬಲ. ನದಿವಾರು ಅಂಕಿ-ಅಂಶಗಳ ಕೋಶವನ್ನು ಕೇಂದ್ರ ಇಟ್ಟುಕೊಳ್ಳಬೇಕೆಂಬ ನಿಯಮವೂ ಆಗ ಸೇರಿತು.

ನ್ಯಾಯಮಂಡಳಿಗಳು

ಕೃಷ್ಣಾ, ಗೋದಾವರಿ, ನರ್ಮದಾ ವಿವಾದಗಳಿಗೆ 1969ರಲ್ಲಿ ಮೊದಲ ಮೂರು ನ್ಯಾಯಮಂಡಳಿಗಳು ರಚನೆಯಾದವು. ಬಚಾವತ್ ನೇತೃತ್ವದ ಕೃಷ್ಣಾ ಮಂಡಳಿ ನದಿಯ 2,060 ಟಿಎಂಸಿ ಅಡಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. 1976ರಲ್ಲಿ ಅದು ಜಾರಿಗೆ ಬಂತು. ಈ ಮೂರೂ ಮಂಡಳಿಗಳ ಕೆಲಸ ಹೆಚ್ಚುಕಡಿಮೆ ಒಂದು ದಶಕದಲ್ಲಿ ಮುಗಿಯಿತು. ನಂತರದವುಗಳ ಕಥೆ ಬೇರೆ. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ಮಂಡಳಿ 2010ರ ಡಿಸೆಂಬರ್ 30ರಂದು ತೀರ್ಪು ಕೊಟ್ಟು ಆಲಮಟ್ಟಿ ಜಲಾಶಯದಲ್ಲಿ 524.256 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಕರ್ನಾಟಕಕ್ಕೆ ಒಪ್ಪಿಗೆ ನೀಡಿತು. ಸುಪ್ರೀಂ ಕೋರ್ಟು 2011ರಲ್ಲಿ ತಡೆದದ್ದರಿಂದ ಅದು ರಾಜ್ಯಪತ್ರ ಸೇರಲಿಲ್ಲ. ಮಹದಾಯಿ ಮಂಡಳಿ 2010ರಲ್ಲಿ ರಚನೆಯಾಗಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಎಂದು ತೀರ್ಮಾನಿಸಿತು. ಅದರ ಅಧಿಸೂಚನೆ ಹೊರಬಿದ್ದದ್ದು 2020ರ ಫೆಬ್ರವರಿ 27ರಂದು. ಒಡಿಶಾ ಮತ್ತು ಛತ್ತೀಸಗಢಗಳ ಮಹಾನದಿ ವಿವಾದಕ್ಕೆ 2018ರಲ್ಲಿ ಮಂಡಳಿ ರಚನೆಯಾಯಿತು.

ಸಂಸತ್ತು ನೇರವಾಗಿ ಕೈಹಾಕಿದ ಸಂದರ್ಭಗಳು

ನಿರ್ದಿಷ್ಟ ನದಿಗೆ ಅಥವಾ ಕಟ್ಟೆಗೆ ಸಂಬಂಧಿಸಿ ಸಂಸತ್ತು ಕಾನೂನು ಮಾಡಿದ ಉದಾಹರಣೆಗಳು ಇಲ್ಲದಿಲ್ಲ. ಬೇತ್ವಾ ನದಿ ಮಂಡಳಿಗೆ 1976ರಲ್ಲಿ, ಬ್ರಹ್ಮಪುತ್ರ ಮಂಡಳಿಗೆ 1980ರಲ್ಲಿ ಪ್ರತ್ಯೇಕ ಕಾಯ್ದೆಗಳಾದವು. 1985ರ ಪಂಜಾಬ್ ಒಪ್ಪಂದದ ಬಳಿಕ 1956ರ ಕಾಯ್ದೆಗೆ 14ನೇ ಕಲಂ ಸೇರಿಸಿ ರಾವಿ-ಬಿಯಾಸ್ ನ್ಯಾಯಮಂಡಳಿಗೆ ದಾರಿ ಮಾಡಲಾಯಿತು. ಆ ಮಂಡಳಿಯ ವರದಿ 1987ರಲ್ಲಿ ಬಂದರೂ ಜಾರಿಗೆ ಬರಲಿಲ್ಲ. ಪಂಜಾಬ್ ವಿಧಾನಸಭೆ 2004ರಲ್ಲಿ ಕಾಯ್ದೆ ಮಾಡಿ ಹಳೆಯ ಜಲ ಒಪ್ಪಂದಗಳನ್ನೇ ರದ್ದುಪಡಿಸಿತು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 2016ರ ನವೆಂಬರ್ 10ರಂದು ಅಭಿಪ್ರಾಯ ಕೊಟ್ಟಿತು.

ರಾಜ್ಯಗಳ ಮರುವಿಂಗಡಣೆಯ ಕಾಯ್ದೆಗಳ ಮೂಲಕ ಸಂಸತ್ತು ಹೆಚ್ಚು ಆಳಕ್ಕೆ ಇಳಿದಿದೆ. ತುಂಗಭದ್ರಾ ಮಂಡಳಿ ಹುಟ್ಟಿದ್ದು 1953ರ ಆಂಧ್ರ ರಾಜ್ಯ ಕಾಯ್ದೆಯಿಂದ. ಹೊಸಪೇಟೆಯ ಜಲಾಶಯ ಕರ್ನಾಟಕದ ನೆಲದಲ್ಲಿದ್ದರೂ ಅದರ ನಿರ್ವಹಣೆ ಈ ಮಂಡಳಿಯದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ತುಂಬಿದ್ದ ಜಲಾಶಯವನ್ನು ಖಾಲಿ ಮಾಡಿಯೇ ದುರಸ್ತಿ ಮಾಡಬೇಕೇ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಹರಿಯುವ ನೀರಿನ ನಡುವೆಯೇ ಉಕ್ಕಿನ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರು ಉಳಿಸಲಾಯಿತು. ಒಂದಕ್ಕಿಂತ ಹೆಚ್ಚು ರಾಜ್ಯಗಳ ಅಚ್ಚುಕಟ್ಟುಗಳು ನಂಬಿಕೊಂಡ ಜಲಾಶಯವನ್ನು ನಿತ್ಯ ನೋಡಿಕೊಳ್ಳಲು ಒಂದು ಕೂಡು ಸಂಸ್ಥೆ ಏಕೆ ಬೇಕು ಎಂಬುದು ಇಂಥ ವೇಳೆಯಲ್ಲಿ ಸ್ಪಷ್ಟವಾಗುತ್ತದೆ. ಪಂಜಾಬ್ ಮರುವಿಂಗಡಣೆಯ 1966ರ ಕಾಯ್ದೆಯಿಂದ ಹುಟ್ಟಿದ ಭಾಕ್ರಾ ಮಂಡಳಿಯೂ ಇದೇ ಬಗೆಯದು.

2014ರ ಆಂಧ್ರಪ್ರದೇಶ ಮರುವಿಂಗಡಣಾ ಕಾಯ್ದೆ ಇವೆಲ್ಲಕ್ಕಿಂತ ಮುಂದೆ ಹೋಯಿತು. ಕೃಷ್ಣಾ ಮತ್ತು ಗೋದಾವರಿಗೆ ನಿರ್ವಹಣಾ ಮಂಡಳಿಗಳನ್ನು ಸ್ಥಾಪಿಸಿದ್ದಲ್ಲದೆ ಪೋಲಾವರಂ ನೀರಾವರಿಯನ್ನು ರಾಷ್ಟ್ರೀಯ ಯೋಜನೆಯೆಂದು ಸಾರಿತು. ಅದಕ್ಕೆ ತೆಲಂಗಾಣದ ಒಪ್ಪಿಗೆ ಸಿಕ್ಕಿದೆಯೆಂದೇ ಭಾವಿಸತಕ್ಕದ್ದು ಎಂದು ಬರೆಯಿತು. ಅಂದರೆ ಇನ್ನೂ ಅಸ್ತಿತ್ವಕ್ಕೆ ಬಾರದ ರಾಜ್ಯದ ಪರವಾಗಿ ಸಂಸತ್ತೇ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಖಮ್ಮಂ ಜಿಲ್ಲೆಯ ಮುಳುಗಡೆ ಮಂಡಲಗಳನ್ನು ತಿದ್ದುಪಡಿ ಕಾಯ್ದೆಯ ಮೂಲಕ ಆಂಧ್ರಪ್ರದೇಶಕ್ಕೆ ಸೇರಿಸಲಾಯಿತು. ಇಷ್ಟಾದರೂ ಮುಳುಗಡೆಯ ತಕರಾರು ನಿಲ್ಲಲಿಲ್ಲ. ಒಡಿಶಾ ಮತ್ತು ಛತ್ತೀಸಗಢ ಸುಪ್ರೀಂ ಕೋರ್ಟಿನಲ್ಲಿ ಹೋರಾಟ ಮುಂದುವರಿಸಿದವು. ಸಂಸತ್ತಿನ ಬಹುಮತದಿಂದ ಕಟ್ಟೆ ಏಳಬಹುದು, ಆದರೆ ವಿವಾದ ಅಷ್ಟರಿಂದಲೇ ತೀರುವುದಿಲ್ಲ ಎಂಬುದಕ್ಕೆ ಪೋಲಾವರಂ ಸಾಕ್ಷಿಯಾಗಿದೆ.

ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರಲ್ಲಿ ಬಂತು. ರಾಜ್ಯದ ಕಟ್ಟೆಗಳ ಮೇಲೆ ಕೇಂದ್ರ ಹಿಡಿತ ಸಾಧಿಸುತ್ತದೆಂದು ತಮಿಳುನಾಡು ಅದನ್ನು ವಿರೋಧಿಸಿತ್ತು. ಆದರೂ ಕೇರಳ ಮತ್ತು ತಮಿಳುನಾಡುಗಳ ಮುಲ್ಲಪೆರಿಯಾರ್ ವಿವಾದದಲ್ಲಿ ಉಸ್ತುವಾರಿ ಸಮಿತಿಗೆ ಈ ಕಾಯ್ದೆಯ ಅಧಿಕಾರಗಳನ್ನು ಕೊಡಲು ಸುಪ್ರೀಂ ಕೋರ್ಟು 2022ರಲ್ಲಿ ಆದೇಶಿಸಿತು.

ಕಾವೇರಿ: ಸಂಸತ್ತು ಮತ್ತು ನ್ಯಾಯಾಲಯದ ನಡುವೆ

ಸಂಸತ್ತಿನ ಪಾತ್ರದ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದದ್ದು ಕಾವೇರಿಯಲ್ಲಿ. ನ್ಯಾಯಮಂಡಳಿ ಬೇಕೆಂದು ತಮಿಳುನಾಡು 1986ರ ಜುಲೈನಲ್ಲಿ ಕೇಳಿತು. ಸುಪ್ರೀಂ ಕೋರ್ಟು 1990ರ ಮೇ 4ರಂದು ಗಡುವು ಕೊಟ್ಟ ಮೇಲೆ ಜೂನ್ 2ರಂದು ಮಂಡಳಿ ರಚನೆಯಾಯಿತು. ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂಬ ಮಧ್ಯಂತರ ಆದೇಶ 1991ರ ಜೂನ್ 25ರಂದು ಹೊರಬಿತ್ತು. ಒಂದು ತಿಂಗಳೊಳಗೆ ಕರ್ನಾಟಕ ಸರ್ಕಾರ ಆ ಆದೇಶವನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ತನ್ನ ಗಡಿಯಾಚೆ ಪರಿಣಾಮ ಬೀರುವ ಇಂಥ ಶಾಸನಕ್ಕೆ ರಾಜ್ಯಕ್ಕೆ ಅಧಿಕಾರವಿಲ್ಲ, ಅದು ಸಂಸತ್ತಿನ ಕಾಯ್ದೆಗೆ ವಿರುದ್ಧ ಎಂದು ನ್ಯಾಯಾಲಯ 1991ರ ನವೆಂಬರ್ 22ರಂದು ಹೇಳಿತು. ಡಿಸೆಂಬರಿನಲ್ಲಿ ಆದೇಶ ರಾಜ್ಯಪತ್ರದಲ್ಲಿ ಬಂದಾಗ ಬೆಂಗಳೂರಿನಲ್ಲಿ ಹಿಂಸಾಚಾರ ನಡೆಯಿತು.

2007ರ ಫೆಬ್ರವರಿ 5ರ ಐತೀರ್ಪು 740 ಟಿಎಂಸಿ ಅಡಿಯಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಗೊತ್ತುಮಾಡಿ, ಕರ್ನಾಟಕ-ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಅಡಿ ಹರಿಯಬೇಕೆಂದಿತು. ಅದರ ಅಧಿಸೂಚನೆಯಾದದ್ದು ಆರು ವರ್ಷಗಳ ನಂತರ, 2013ರ ಫೆಬ್ರವರಿ 19ರಂದು.

2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾವೇರಿ ನಿರ್ವಹಣಾ ಮಂಡಳಿ ರಚಿಸಲು ಕೇಂದ್ರಕ್ಕೆ ಆದೇಶಿಸಿತು. ಅಕ್ಟೋಬರ್ ಮೊದಲ ವಾರದಲ್ಲಿ ಕೇಂದ್ರ ಅದಕ್ಕೆ ತಕರಾರು ಎತ್ತಿತು. ಮಂಡಳಿಯ ಮಾತು ಐತೀರ್ಪಿನಲ್ಲಿ ಬಂದಿರುವುದು ಶಿಫಾರಸಾಗಿ ಮಾತ್ರ, 6ಎ ಕಲಮಿನಂತೆ ಯೋಜನೆಯ ಕೊನೆಯ ಮಾತು ಸಂಸತ್ತಿನದು, ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ಅದರ ವಾದ. ಕಲಮಿನ ಅಕ್ಷರಗಳಲ್ಲಿ ಆ ವಾದಕ್ಕೆ ಆಧಾರವಿತ್ತು. ಆದರೆ ಐತೀರ್ಪು ಅಧಿಸೂಚನೆಯಾಗಿ ಮೂರು ವರ್ಷ ದಾಟಿದ್ದರೂ ಯಾವ ಯೋಜನೆಯನ್ನೂ ಸಂಸತ್ತಿನ ಮುಂದೆ ಇಟ್ಟಿರಲಿಲ್ಲ. ಸಂಸತ್ತಿನ ಅಧಿಕಾರ ಕಾರ್ಯಾಂಗದ ನಿಧಾನಕ್ಕೆ ಮರೆಯಾಗಿ ಬಳಕೆಯಾಯಿತೆಂದೇ ಹೇಳಬೇಕು. 2002ರ ತಿದ್ದುಪಡಿ ಐತೀರ್ಪಿಗೆ ಕೊಟ್ಟ ಬಲ ಅದರ ಜಾರಿಗಷ್ಟೇ ಸಂಬಂಧಿಸಿದ್ದು, 136ನೇ ವಿಧಿಯ ಮೇಲ್ಮನವಿಯನ್ನು ಅದು ಮುಚ್ಚುವುದಿಲ್ಲ ಎಂದು 2016ರ ಡಿಸೆಂಬರ್ 9ರಂದು ನ್ಯಾಯಾಲಯ ತೀರ್ಮಾನಿಸಿತು. ನ್ಯಾಯಾಲಯವನ್ನು ಹೊರಗಿಡಲು ಸಂಸತ್ತು ಹಾಕಿದ ಬೇಲಿ ಅಲ್ಲಿಗೆ ಸಡಿಲಗೊಂಡಿತು.

2018ರ ಫೆಬ್ರವರಿ 16ರ ತೀರ್ಪು ಬಿಳಿಗುಂಡ್ಲುವಿನ ಪ್ರಮಾಣವನ್ನು 177.25ಕ್ಕೆ ಇಳಿಸಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿ ಅಡಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಆರು ವಾರಗಳಲ್ಲಿ ಯೋಜನೆ ರೂಪಿಸಲು ಕೇಂದ್ರಕ್ಕೆ ಸೂಚಿಸಲಾಯಿತು. ಆ ಗಡುವಿನ ದಿನಗಳಲ್ಲಿ ಸಂಸತ್ತಿನ ಬಜೆಟ್ ಅಧಿವೇಶನದ ಎರಡನೇ ಭಾಗ ನಡೆಯುತ್ತಿತ್ತು. ಮಂಡಳಿ ರಚಿಸಬೇಕೆಂದು ಅಣ್ಣಾ ಡಿಎಂಕೆ ಸದಸ್ಯರು ಲೋಕಸಭೆಯ ಸಭಾಧ್ಯಕ್ಷರ ಪೀಠದ ಮುಂದೆ ನಿತ್ಯ ಧರಣಿ ನಡೆಸಿದರು. ಇತರ ಪಕ್ಷಗಳ ಗದ್ದಲವೂ ಸೇರಿ ಕಲಾಪ ಬಹುಪಾಲು ವ್ಯರ್ಥವಾಯಿತು. ಸರ್ಕಾರದ ವಿರುದ್ಧದ ಅವಿಶ್ವಾಸ ಸೂಚನೆಗಳನ್ನು ಕೂಡ ಕೈಗೆತ್ತಿಕೊಳ್ಳಲಾಗಲಿಲ್ಲ. ಸದನದಲ್ಲಿ ಕಾವೇರಿಯ ಕೂಗು ಕೇಳಿತು, ಯೋಜನೆಯ ಗುಣದೋಷಗಳ ಚರ್ಚೆ ನಡೆಯಲಿಲ್ಲ. ಕೊನೆಗೆ ಮೇ 18ರಂದು ನ್ಯಾಯಾಲಯ ಒಪ್ಪಿದ ಯೋಜನೆ ಜೂನ್ 1ರಂದು ರಾಜ್ಯಪತ್ರದಲ್ಲಿ ಬಂತು. ಅದನ್ನು ಸಂಸತ್ತಿನಲ್ಲಿ ಚರ್ಚಿಸಬೇಕೆಂದು ಈ ಬಾರಿ ಕೇಳಿದ್ದು ಕರ್ನಾಟಕ.

ಈಗ ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟು ನೀರು ಬಿಡಬೇಕೆಂದು ಹೇಳುವುದು ಆ ಯೋಜನೆಯಡಿ ರಚನೆಯಾದ ಕಾವೇರಿ ನೀರು ನಿಯಂತ್ರಣ ಸಮಿತಿ ಮತ್ತು ಪ್ರಾಧಿಕಾರ. 2023ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಸಮಿತಿ ಹದಿನೈದು ದಿನಗಳ ಲೆಕ್ಕದಲ್ಲಿ 5,000 ಕ್ಯೂಸೆಕ್ ಬಿಡಲು ಹೇಳಿತು. ಒಂದು ಕಂತಿಗೆ ಸುಮಾರು 6.5 ಟಿಎಂಸಿ ಅಡಿ. ಸುಪ್ರೀಂ ಕೋರ್ಟು ಸೆಪ್ಟೆಂಬರ್ 21ರಂದು ಇದರಲ್ಲಿ ತಲೆಹಾಕಲು ನಿರಾಕರಿಸಿತು. ಸೆಪ್ಟೆಂಬರ್ 26ರಂದು ಬೆಂಗಳೂರು, 29ರಂದು ಕರ್ನಾಟಕ ಬಂದ್ ಆದವು.

ವಾದ ಮತ್ತು ಪ್ರತಿವಾದ

ಸಂಸತ್ತು ಹೆಚ್ಚು ಹೊಣೆ ಹೊರಬೇಕು ಎನ್ನುವವರು ವಿಳಂಬವನ್ನು ಮುಂದಿಡುತ್ತಾರೆ. ಕಾವೇರಿಯಲ್ಲಿ ಕೋರಿಕೆಯಿಂದ ಕೊನೆಯ ತೀರ್ಪಿನವರೆಗೆ 32 ವರ್ಷ ಹಿಡಿಯಿತು. ಎಲ್ಲ ರಾಜ್ಯಗಳ ಪ್ರತಿನಿಧಿಗಳೂ ಕೂಡುವ ಸಭೆ ಸಂಸತ್ತೊಂದೇ. ಮಳೆಯ ಲೆಕ್ಕ ಬದಲಾದಾಗ, ಪಟ್ಟಣಗಳು ಬೆಳೆದಾಗ ನಿಯಮ ಬದಲಿಸುವ ಅನುಕೂಲ ತೀರ್ಪಿಗಿಂತ ಶಾಸನಕ್ಕೆ ಹೆಚ್ಚು. ನದಿಯನ್ನು ಇಡೀ ಕೊಳ್ಳವಾಗಿ ನೋಡುವ ಅಧಿಕಾರವೂ 56ನೇ ನಮೂದಿನಿಂದ ಅದಕ್ಕೆ ಮಾತ್ರ ಇದೆ.

ಪ್ರತಿವಾದದಲ್ಲಿ ಮುಖ್ಯವಾದದ್ದು ಸಂಖ್ಯೆ. ಲೋಕಸಭೆಯಲ್ಲಿ ತಮಿಳುನಾಡಿಗೆ 39 ಸ್ಥಾನ, ಕರ್ನಾಟಕಕ್ಕೆ 28, ಕೇರಳಕ್ಕೆ 20, ಪುದುಚೇರಿಗೆ 1. ಮಹದಾಯಿಯಲ್ಲಿ ಮಹಾರಾಷ್ಟ್ರಕ್ಕೆ 48, ಗೋವಾಕ್ಕೆ 2. ಅಮೆರಿಕದ ಸೆನೆಟ್ಟಿನಂತೆ ರಾಜ್ಯಗಳಿಗೆ ಸಮಪಾಲು ಕೊಡುವ ಸದನವೂ ಇಲ್ಲಿಲ್ಲ. ರಾಜ್ಯಸಭೆಯಲ್ಲೂ ಸ್ಥಾನಗಳು ಜನಸಂಖ್ಯೆಯಂತೆ. ನೀರಿನ ಪಾಲನ್ನು ಮತಕ್ಕೆ ಹಾಕಿದರೆ ಹಕ್ಕಿನ ಪ್ರಶ್ನೆ ಮೈತ್ರಿಕೂಟದ ಪ್ರಶ್ನೆಯಾಗುತ್ತದೆ. ರಾಷ್ಟ್ರೀಯ ಪಕ್ಷಗಳ ಸದಸ್ಯರು ಒಂದೇ ಪಕ್ಷದಲ್ಲಿದ್ದೂ ನೀರಿನ ವಿಷಯಕ್ಕೆ ಬಂದಾಗ ತಮ್ಮ ತಮ್ಮ ರಾಜ್ಯದ ಸಾಲಿನಲ್ಲೇ ನಿಲ್ಲುವುದನ್ನು ಕಾವೇರಿ, ಮಹದಾಯಿ ಎರಡೂ ತೋರಿಸಿವೆ. ಹರಿವಿನ ದಾಖಲೆ, ಬೆಳೆಯ ಲೆಕ್ಕ, ಅಂತರ್ಜಲದ ಸಾಕ್ಷ್ಯಗಳನ್ನು ತಾಳ್ಮೆಯಿಂದ ಪರಿಶೀಲಿಸುವುದು ಸದನದ ಕೆಲಸವೂ ಅಲ್ಲ.

ಈವರೆಗಿನ ಅನುಭವವನ್ನು ತೂಗಿ ನೋಡಿದರೆ ಪಾಲು ಹಂಚುವ ಕೆಲಸಕ್ಕೆ ಸಂಸತ್ತು ತಕ್ಕ ಸ್ಥಳವಲ್ಲ. ಕಾಲಮಿತಿ, ನಂಬಲರ್ಹ ಅಂಕಿ-ಅಂಶ, ಬರದ ವರ್ಷದ ಸಂಕಷ್ಟ ಹಂಚಿಕೆಯ ತತ್ವ, ಕೊಳ್ಳವಾರು ಮಂಡಳಿ ಇವುಗಳನ್ನು ಕಾನೂನಿನಲ್ಲಿ ಗಟ್ಟಿಗೊಳಿಸುವ ಕೆಲಸ ಮಾತ್ರ ಸಂಸತ್ತಿನಿಂದಲೇ ಆಗಬೇಕಾದದ್ದು. ಸಂಸತ್ತಿನ ಮೇಲಿನ ನ್ಯಾಯವಾದ ದೂರು ಅದು ನೀರಿನಲ್ಲಿ ಅತಿಯಾಗಿ ಕೈಹಾಕಿತು ಎಂಬುದಲ್ಲ, ತನ್ನದೇ ಆದ ಈ ಕೆಲಸವನ್ನು ಅರ್ಧಕ್ಕೆ ಬಿಟ್ಟಿತು ಎಂಬುದು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ರಾಜ್ಯಗಳು ತಮ್ಮೊಳಗೆ ಮಾಡಿಕೊಳ್ಳುವ ಜಲ ಒಪ್ಪಂದಗಳಿಗೆ ಕಾಂಗ್ರೆಸ್ಸಿನ ಸಮ್ಮತಿ ಬೇಕು. 1922ರ ಕೊಲೊರಾಡೊ ನದಿ ಒಪ್ಪಂದ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದೇ ನದಿಯ ಕೆಳಕೊಳ್ಳದ ನೀರನ್ನು ಬೌಲ್ಡರ್ ಕ್ಯಾನ್ಯನ್ ಯೋಜನೆಯ 1928ರ ಕಾಯ್ದೆಯ ಮೂಲಕ ಕಾಂಗ್ರೆಸ್ಸೇ ಹಂಚಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1963ರಲ್ಲಿ ತೀರ್ಮಾನಿಸಿತು. ಕ್ಯಾಲಿಫೋರ್ನಿಯಾಕ್ಕೆ 44 ಲಕ್ಷ, ಅರಿಜೋನಾಕ್ಕೆ 28 ಲಕ್ಷ, ನೆವಾಡಾಕ್ಕೆ 3 ಲಕ್ಷ ಎಕರೆ ಅಡಿ. ರಾಷ್ಟ್ರೀಯ ಶಾಸಕಾಂಗವೇ ಪಾಲು ಹಂಚಿದ ಇಂಥ ನಿದರ್ಶನಗಳು ಅಲ್ಲಿಯೂ ಅಪರೂಪ. ಆಸ್ಟ್ರೇಲಿಯ 2007ರ ಜಲ ಕಾಯ್ದೆಯಿಂದ ಮರ್‍ರೆ-ಡಾರ್ಲಿಂಗ್ ಕೊಳ್ಳಕ್ಕೆ ಒಂದೇ ಪ್ರಾಧಿಕಾರ ಸ್ಥಾಪಿಸಿತು. ಮರುವರ್ಷ ಅದರ ವ್ಯಾಪ್ತಿಯನ್ನು ಹಿಗ್ಗಿಸಲು ಕೊಳ್ಳದ ರಾಜ್ಯಗಳೇ ತಮ್ಮ ಕೆಲವು ಅಧಿಕಾರಗಳನ್ನು ಒಪ್ಪಿಸಿದವು.

ಪ್ರಸ್ತುತ ಸ್ಥಿತಿ

ಪ್ರತಿ ವಿವಾದಕ್ಕೂ ಬೇರೆ ಮಂಡಳಿಯ ಬದಲು ದೇಶಕ್ಕೆ ಒಂದೇ ಕಾಯಂ ನ್ಯಾಯಮಂಡಳಿ, ಅದಕ್ಕೆ ಪೀಠಗಳು, ಮೊದಲಿಗೆ ಮಾತುಕತೆಯಿಂದ ತೀರಿಸಲು ವಿವಾದ ಪರಿಹಾರ ಸಮಿತಿ, ಪೀಠಕ್ಕೆ ಎರಡು ವರ್ಷ ಮತ್ತು ಗರಿಷ್ಠ ಒಂದು ವರ್ಷದ ಹೆಚ್ಚುವರಿ ಅವಧಿ, ರಾಜ್ಯಪತ್ರದ ಪ್ರಕಟಣೆಗೆ ಕಾಯದೆ ತೀರ್ಪಿಗೆ ಬಲ. ಇವು 2019ರ ತಿದ್ದುಪಡಿ ಮಸೂದೆಯ ಮುಖ್ಯಾಂಶಗಳು. 2017ರಲ್ಲಿ ಮಂಡಿಸಿದ್ದ ಇದೇ ಸ್ವರೂಪದ ಮಸೂದೆ ಹದಿನಾರನೇ ಲೋಕಸಭೆಯೊಂದಿಗೆ ಬಿದ್ದುಹೋಗಿತ್ತು. ಹೊಸ ಮಸೂದೆಯನ್ನು ಲೋಕಸಭೆ 2019ರ ಜುಲೈ 31ರಂದು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಅಂಗೀಕರಿಸಲಿಲ್ಲ. 2024ರ ಜೂನಿನಲ್ಲಿ ಹದಿನೇಳನೇ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಗಿ, 2002ರ ತಿದ್ದುಪಡಿಗಳೊಂದಿಗೆ 1956ರ ಕಾಯ್ದೆಯೇ ಜಾರಿಯಲ್ಲಿ ಉಳಿಯಿತು.